ಹೆಸರುಕಾಳಿನಷ್ಟು ಗಾಯ, ಹನ್ನೆರಡು ದಿನಗಳ ಆರೈಕೆ

ದುಬೈ ನಗರವು ಶಾರ್ಜಾವನ್ನು ಮುಟ್ಟುವ ಅಂಚಿನಲ್ಲಿ ಅಲ್ ಕುಸೈಸ್ ಬಡಾವಣೆಯಿದೆ. ಭಾರತೀಯ ಪಠ್ಯಕ್ರಮದ ಶಾಲೆಗಳು, ಕೆಂಪಕ್ಕಿಯೂ ಕರಿಬೇವೂ ಸಿಗುವ ದಿನಸಿ ಅಂಗಡಿಗಳು, 2011ರಿಂದ ಓಡುತ್ತಿರುವ ಹಸಿರು ಮಾರ್ಗದ ಮೆಟ್ರೊ ಎಲ್ಲವೂ ಹತ್ತಿರದಲ್ಲೇ ಇರುವುದರಿಂದ ನಮ್ಮಂಥ ಅನೇಕ ಕುಟುಂಬಗಳು ಇಲ್ಲಿ ನೆಲೆಯೂರಿವೆ. ನಮ್ಮ ಮನೆಯ ಕಿಟಕಿಯಿಂದ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಕಾಣುತ್ತವೆ. ಅವುಗಳನ್ನು ಎಣಿಸುವುದು, ಪ್ರತಿಯೊಂದರಲ್ಲೂ ಪುತ್ತೂರಿನ ಅಜ್ಜಿ ಬರುತ್ತಿದ್ದಾರೆಂದು ಹೇಳುವುದು, ನಮ್ಮ ಮೂರು ವರ್ಷದ ಮಗಳ ನಿತ್ಯದ ಆಟ. ಕಳೆದ ಆಗಸ್ಟ್ ತಿಂಗಳಿನಲ್ಲಿ ಆ ಎಣಿಕೆ ನಮಗೆ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂತು.

ಅವಳ ತೊಡೆ ಮತ್ತು ಬೆನ್ನಿನ ಮೇಲೆ ಕಂದುಬಣ್ಣದ ಚುಕ್ಕೆಗಳು ಕಾಣಿಸಿಕೊಂಡು ಕೆಲವು ತಿಂಗಳಾಗಿತ್ತು. ಸೊಳ್ಳೆಯ ಕಲೆಯೆಂದು ಮೊದಲು ಅಲಕ್ಷಿಸಿದೆವು. ಸ್ನಾನದ ನಂತರ ಟವೆಲಿನಿಂದ ಒರೆಸಿದಾಗ ಅವು ಕೆಂಪಾಗಿ ಉಬ್ಬುತ್ತವೆ ಎಂಬುದು ಗಮನಕ್ಕೆ ಬಂದ ಮೇಲೆ ಚರ್ಮವೈದ್ಯರಲ್ಲಿಗೆ ಕರೆದೊಯ್ದೆ. ವೈದ್ಯೆ ಒಂದು ಚುಕ್ಕೆಯನ್ನು ಮರದ ಕಡ್ಡಿಯ ಮೊಂಡು ತುದಿಯಿಂದ ಮೆಲ್ಲಗೆ ಉಜ್ಜಿದರು. ಕೆಲವೇ ನಿಮಿಷಗಳಲ್ಲಿ ಅದು ದದ್ದಿನಂತೆ ಎದ್ದುನಿಂತಿತು. ಫ್ರಾನ್ಸಿನ ಚರ್ಮವೈದ್ಯ ಡಾರಿಯೆ ಅವರ ಹೆಸರಿನಲ್ಲಿ ಕರೆಯಲಾಗುವ ಲಕ್ಷಣವಿದು ಎಂದು ವಿವರಿಸಿದ ವೈದ್ಯೆ, ತಮ್ಮ ಊಹೆಯನ್ನು ಖಚಿತಪಡಿಸಿಕೊಳ್ಳಲು ಒಂದು ಚುಕ್ಕೆಯ ಬಯಾಪ್ಸಿ ಮಾಡೋಣವೆಂದರು.

ಆ ಪದ ಕಿವಿಗೆ ಬಿದ್ದೊಡನೆ ನನ್ನ ಕೈಕಾಲು ತಣ್ಣಗಾದವು. ನಮ್ಮ ಊರಿನ ಕಡೆ ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದೇ ಅರ್ಥ. ಪರೀಕ್ಷೆಯ ಹೆಸರು ರೋಗದ ಹೆಸರಾಗಿಬಿಟ್ಟಿದೆ. ನಿಜಕ್ಕೂ ಈ ಪದವನ್ನು 1879ರಲ್ಲಿ ಬಳಕೆಗೆ ತಂದವರು ಎರ್ನೆಸ್ಟ್ ಬೆನಿಯೆ ಎಂಬ ಫ್ರೆಂಚ್ ಚರ್ಮವೈದ್ಯರು. ಗ್ರೀಕ್ ಮೂಲದಲ್ಲಿ ಅದಕ್ಕಿರುವ ಅರ್ಥ 'ಜೀವವಿರುವುದನ್ನು ನೋಡುವುದು' ಎಂದಷ್ಟೇ. ಇದನ್ನು ನಾನು ತಿಳಿದುಕೊಂಡದ್ದು ಆಮೇಲೆ. ಅಂದು ರಾತ್ರಿ ನಾನೂ ನನ್ನ ಪತಿಯೂ ಮಾಡಿದ ಮೊದಲ ನಿರ್ಧಾರವೆಂದರೆ ಊರಿಗೆ ಏನನ್ನೂ ಹೇಳಬಾರದು ಎಂಬುದು. ಒಬ್ಬರೇ ಇರುವ ಅಮ್ಮ ಹೆದರಿಯಾರು ಎಂಬುದು ನಮ್ಮ ಸಮರ್ಥನೆಯಾಗಿತ್ತು.

ವಿಮಾ ಸಂಸ್ಥೆಯ ಪೂರ್ವಾನುಮತಿ ಬರಲು ನಾಲ್ಕು ದಿನ ಹಿಡಿಯಿತು. ದುಬೈಯಲ್ಲಿ 2013ರ ಕಾನೂನಿನ ಪ್ರಕಾರ ಪ್ರತಿಯೊಬ್ಬ ನಿವಾಸಿಗೂ ಆರೋಗ್ಯ ವಿಮೆ ಕಡ್ಡಾಯ. ಉದ್ಯೋಗಿಯ ವಿಮೆಯನ್ನು ಉದ್ಯೋಗದಾತರು ಮಾಡಿಸಬೇಕು. ಹೆಂಡತಿ ಮಕ್ಕಳ ವಿಮೆಯ ಹೊಣೆ ಅವರನ್ನು ಕರೆಸಿಕೊಂಡವರದು. ಆದರೆ ವಿಮೆ ಇದೆ ಎಂದಮಾತ್ರಕ್ಕೆ ಎಲ್ಲವೂ ಉಚಿತವಲ್ಲ. ನಮ್ಮ ವಿಮೆಯಲ್ಲಿ ಶೇ. 20ರಷ್ಟನ್ನು ನಾವೇ ಕೊಡಬೇಕಿತ್ತು. ಚಿಕಿತ್ಸೆಗೂ ಪ್ರಯೋಗಾಲಯದ ಪರೀಕ್ಷೆಗೂ ಬೇರೆ ಬೇರೆ ಅನುಮತಿ ಬೇಕಾಯಿತು. ಇಲ್ಲಿಗೆ ಬರಲಿರುವವರು ಇದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.

ಚಿಕಿತ್ಸೆಯಾದರೋ ನಾನು ಹೆದರಿದ್ದಕ್ಕಿಂತ ಬಹಳ ಸಣ್ಣದು. ಒಂದು ಗಂಟೆ ಮುಂಚಿತವಾಗಿ ತೊಡೆಯ ಮೇಲೆ ಮರಗಟ್ಟಿಸುವ ಮುಲಾಮು ಹಚ್ಚಿ ಪಾರದರ್ಶಕ ಪಟ್ಟಿ ಅಂಟಿಸಿದರು. ನಂತರ ಸಣ್ಣ ಸೂಜಿಯಿಂದ ಅರಿವಳಿಕೆ ಕೊಟ್ಟರು. ಮಗಳು ಅತ್ತದ್ದು ಆಗ ಮಾತ್ರ. ಬಳಿಕ 4 ಮಿಲಿಮೀಟರ್ ಅಗಲದ, ಕೊಳವೆಯಂಥ ಅಲಗಿನಿಂದ ಚರ್ಮದ ಒಂದು ತುಣುಕನ್ನು ತೆಗೆದು ಫಾರ್ಮಲಿನ್ ತುಂಬಿದ ಪುಟ್ಟ ಡಬ್ಬಿಗೆ ಹಾಕಿದರು. ಅದು ಹೆಸರುಕಾಳಿಗಿಂತ ದೊಡ್ಡದಿರಲಿಲ್ಲ. ಎರಡು ಹೊಲಿಗೆ, ಮೇಲೊಂದು ಪಟ್ಟಿ. ಹೊಲಿಗೆ ಬಿಚ್ಚಲು ಹನ್ನೆರಡನೆಯ ದಿನ ಬರಬೇಕೆಂದರು.

ಹೊರಡುವ ಮುನ್ನ ದಾದಿ ಒಂದು ಹಾಳೆಯಲ್ಲಿ ಸೂಚನೆಗಳನ್ನು ಬರೆದುಕೊಟ್ಟರು. ಮೊದಲ 24 ಗಂಟೆ ಪಟ್ಟಿ ಒದ್ದೆಯಾಗಬಾರದು. ಆಮೇಲೆ ದಿನಕ್ಕೊಮ್ಮೆ ಸೌಮ್ಯ ಸಾಬೂನು ಮತ್ತು ನೀರಿನಿಂದ ಮೆಲ್ಲಗೆ ತೊಳೆದು, ಒತ್ತಿ ಒಣಗಿಸಿ, ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಲೇಪಿಸಿ ಹೊಸ ಪಟ್ಟಿ ಹಾಕಬೇಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಪುಡಿ ಯಾವುದೂ ಬೇಡ. ಹೊಲಿಗೆ ಬಿಚ್ಚುವವರೆಗೆ ಈಜುಕೊಳವಿಲ್ಲ. ನೋವೆಂದರೆ ತೂಕಕ್ಕೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಮಾತ್ರ. ಮಕ್ಕಳಿಗೆ ಆಸ್ಪಿರಿನ್ ಕೂಡದು. ಈ ಚುಕ್ಕೆಗಳನ್ನು ಕೆರಳಿಸುವ ಸಂಭವವಿರುವುದರಿಂದ ಐಬುಪ್ರೊಫೆನ್ ಕೂಡ ತಮ್ಮನ್ನು ಕೇಳದೆ ಬೇಡವೆಂದು ವೈದ್ಯೆ ಸೇರಿಸಿದರು.

ಇಷ್ಟು ಸರಳ ಸೂಚನೆಗಳನ್ನು ಪಾಲಿಸಲು ಊರಿನ ಮನೆಯಲ್ಲಾದರೆ ನಾಲ್ಕು ಜೋಡಿ ಕೈಗಳಿರುತ್ತಿದ್ದವು. ಇಲ್ಲಿ ನನ್ನ ಪತಿ ಬೆಳಿಗ್ಗೆ ಆರಕ್ಕೆ ಜೆಬೆಲ್ ಅಲಿಗೆ ಹೊರಟರೆ ಹಿಂದಿರುಗುವುದು ಸಂಜೆ ಏಳಕ್ಕೆ. ಮಗುವಿನ ಕಾಯಿಲೆಗೆಂದು ನನ್ನ ಕಚೇರಿಯಲ್ಲಿ ಪ್ರತ್ಯೇಕ ರಜೆಯಿಲ್ಲ. ವಾರ್ಷಿಕ ರಜೆಯಿಂದಲೇ ಐದು ದಿನ ತೆಗೆದುಕೊಂಡೆ.

ತೊಳೆಯುವ ಕೆಲಸದಲ್ಲೂ ಇಲ್ಲಿಯದೇ ಆದ ಒಂದು ತೊಡಕಿತ್ತು. ಆಗಸ್ಟ್ ತಿಂಗಳಿನ ಬಿಸಿಲಿಗೆ ಛಾವಣಿಯ ತೊಟ್ಟಿಯ ನೀರು ಕಾದು, ತಣ್ಣೀರಿನ ನಲ್ಲಿಯೇ ಕೈ ಸುಡುತ್ತದೆ. ಹಳಬರು ಅನುಸರಿಸುವ ಉಪಾಯವೆಂದರೆ ಬೇಸಗೆಯಲ್ಲಿ ಸ್ನಾನದ ಮನೆಯ ಗೀಸರನ್ನು ಆರಿಸಿಬಿಡುವುದು. ಎಸಿಯ ತಂಪಿನಲ್ಲಿರುವ ಅದರೊಳಗಿನ ನೀರು ಕ್ರಮೇಣ ಆರುತ್ತದೆ, ಬಿಸಿನೀರಿನ ನಲ್ಲಿಯಲ್ಲಿ ಹದವಾದ ನೀರು ಬರುತ್ತದೆ. ಬಿಸಿ ತಾಗಿದರೂ ಆ ಚುಕ್ಕೆಗಳು ಉಬ್ಬುತ್ತಿದ್ದುದರಿಂದ ಈ ಉಪಾಯ ನಮಗೆ ಅನಿವಾರ್ಯವಾಯಿತು.

ಮೂರನೆಯ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಮಗಳು ಪಟ್ಟಿಯನ್ನು ಕಿತ್ತು, ಹೊಲಿಗೆಯನ್ನು ಕೆರೆದುಕೊಂಡಳು. ಹಾಸಿಗೆಯ ಮೇಲೆ ರಕ್ತದ ಕಲೆ ಕಂಡು ನನ್ನ ಬುದ್ಧಿಯೇ ಓಡಲಿಲ್ಲ. ಹತ್ತಿಬಟ್ಟೆಯನ್ನು ಒತ್ತಿದೆ, ನಿಂತಿತೇ ಎಂದು ಅರ್ಧ ನಿಮಿಷಕ್ಕೊಮ್ಮೆ ಎತ್ತಿ ನೋಡಿದೆ. ನೋಡಿದಾಗಲೆಲ್ಲ ಮತ್ತೆ ಒಸರಿತು. ಕಡೆಗೆ ಚಿಕಿತ್ಸಾಲಯಕ್ಕೆ ಕರೆ ಮಾಡಿದಾಗ ದಾದಿ ಹೇಳಿದ ಮಾತು ಇಷ್ಟೇ: "ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಒತ್ತಿ ಹಿಡಿಯಿರಿ, ಮಧ್ಯೆ ಒಮ್ಮೆಯೂ ಎತ್ತಿ ನೋಡಬೇಡಿ." ಹೆಪ್ಪುಗಟ್ಟುತ್ತಿದ್ದ ರಕ್ತವನ್ನು ನಾನೇ ಪ್ರತಿ ಸಲ ಕಿತ್ತುಹಾಕುತ್ತಿದ್ದೆ. ಮಗಳನ್ನು ಕಿಟಕಿಯ ಬಳಿ ಮಡಿಲಲ್ಲಿ ಕೂರಿಸಿಕೊಂಡು ಒತ್ತಿ ಹಿಡಿದೆ. ಅವಳು ವಿಮಾನಗಳನ್ನು ಎಣಿಸಿದಳು. ಐದನೆಯ ವಿಮಾನ ಇಳಿಯುವ ವೇಳೆಗೆ ಹತ್ತು ನಿಮಿಷ ಕಳೆದಿತ್ತು, ರಕ್ತ ನಿಂತಿತ್ತು. ಆಗಲೂ ನಿಲ್ಲದಿದ್ದರೆ ಮತ್ತೊಮ್ಮೆ ಹಾಗೆಯೇ ಒತ್ತಿ, ಕೂಡಲೇ ಹೊರಟು ಬರಬೇಕೆಂದು ದಾದಿ ಹೇಳಿದ್ದರು.

ಐದನೆಯ ದಿನ ಇನ್ನೊಂದು ಭಯ. ಪಟ್ಟಿ ಬಿಚ್ಚಿದಾಗ ಗಾಯದ ಸುತ್ತ ಚರ್ಮ ಕೆಂಪಾಗಿ ಉಬ್ಬಿತ್ತು. ಸೋಂಕು ತಗಲಿತೆಂದೇ ಭಾವಿಸಿ ಮಗುವನ್ನು ಎತ್ತಿಕೊಂಡು ಟ್ಯಾಕ್ಸಿ ಹಿಡಿದೆ. ನಾವು ತಲಪಿ ಸರದಿಯಲ್ಲಿ ಕುಳಿತು ವೈದ್ಯೆಯ ಮುಂದೆ ಹೋಗುವಷ್ಟರಲ್ಲಿ ಕೆಂಪು ಬಹುಪಾಲು ಇಳಿದುಹೋಗಿತ್ತು. ವೈದ್ಯೆ ನಗಲಿಲ್ಲ, ಬಂದದ್ದು ಸರಿಯೆಂದರು. ಕೆಂಪಿನ ಆಕಾರವನ್ನು ಗಮನಿಸಲು ಕಲಿಸಿದರು. ಅಂಟು ತಾಗಿ ಅಥವಾ ಕಿತ್ತಾಗ ಉಜ್ಜಿ ಬಂದ ಕೆಂಪು ಪಟ್ಟಿಯ ಆಕಾರದಲ್ಲೇ ಚೌಕವಾಗಿರುತ್ತದೆ. ನಮ್ಮ ಮಗಳಿಗೆ ಬಂದಿದ್ದಂಥ ಉಬ್ಬು ಬೇಗನೆ ಇಳಿಯುತ್ತದೆ. ಸೋಂಕಿನ ಕೆಂಪು ಗಾಯದಿಂದ ಹೊರಟು ದಿನದಿಂದ ದಿನಕ್ಕೆ ಹಬ್ಬುತ್ತದೆ. ಜೊತೆಗೆ ಬಿಸಿ, ಹೆಚ್ಚುವ ನೋವು, ಕೀವು, ಕೆಲವೊಮ್ಮೆ ಜ್ವರ ಇರುತ್ತವೆ. ಅಂಥ ಲಕ್ಷಣ ಕಂಡರೆ ತಡಮಾಡಬಾರದು. ಪಟ್ಟಿಯನ್ನು ಎಳೆಯದೆ, ಅಂಚನ್ನು ನೀರಿನಿಂದ ನೆನೆಸಿ ಬಿಡಿಸಬೇಕು. ಪ್ರತಿದಿನ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ನಿನ್ನೆಗೂ ಇಂದಿಗೂ ಹೋಲಿಸಬಹುದು. ಗಾಬರಿಗೊಂಡ ತಾಯಿಯ ನೆನಪಿಗಿಂತ ಆ ಚಿತ್ರಗಳು ಹೆಚ್ಚು ನಂಬಿಕೆಗೆ ಅರ್ಹ.

ಅಮ್ಮನಿಂದ ಮುಚ್ಚಿಟ್ಟ ಗುಟ್ಟು ಆರನೆಯ ದಿನದವರೆಗೆ ಮಾತ್ರ ಉಳಿಯಿತು. ಎಂದಿನಂತೆ ಸಂಜೆ ವಿಡಿಯೊ ಕರೆ ಮಾಡಿದಾಗ ಮಗಳು ಲಂಗವನ್ನು ಎತ್ತಿ ಹೆಮ್ಮೆಯಿಂದ ತೋರಿಸಿದಳು: "ಅಜ್ಜೀ, ನಂಗೆ ಹೊಲಿಗೆ ಹಾಕಿದ್ದಾರೆ!"

ಅಮ್ಮ ಕ್ಷಣಕಾಲ ಮಾತಾಡಲಿಲ್ಲ. ಆಮೇಲೆ, "ಎಂತ ಮಾರಾಯ್ತಿ, ಮಗುವಿಗೆ ಹೊಲಿಗೆ ಹಾಕಿದ್ದನ್ನು ನಂಗೆ ಹೇಳ್ಲಿಕ್ಕೆ ಆಗ್ಲಿಲ್ವಾ?" ಎಂದರು. ಬಯಾಪ್ಸಿ ಎಂಬ ಪದವನ್ನು ಕಡೆಗೂ ಹೇಳಬೇಕಾಯಿತು. ಅದು ಪರೀಕ್ಷೆ ಮಾತ್ರ, ರೋಗವಲ್ಲ. ಕ್ಯಾನ್ಸರಿನ ಸಂಶಯದಿಂದ ಮಾಡಿದ್ದೂ ಅಲ್ಲ ಎಂದು ವಿವರಿಸಿದೆ. ನೀವು ಹೆದರುತ್ತೀರೆಂದು ಹೇಳಲಿಲ್ಲ ಎಂದಾಗ ಅವರು ಕೊಟ್ಟ ಉತ್ತರವನ್ನು ನಾನು ಮರೆಯಲಾರೆ. "ಹೇಳಿದ್ರೆ ಒಂದು ದಿನ ಹೆದರ್ತಿದ್ದೆ. ಇನ್ನು ನೀನು ಎಲ್ಲ ಚೆನ್ನಾಗಿದೆ ಅಂದಾಗ್ಲೆಲ್ಲ ಎಂತ ಮುಚ್ಚಿಟ್ಟಿದ್ದೀಯೋ ಅಂತ ದಿನಾ ಹೆದರ್ಬೇಕು."

ಅಲ್ಲಿಂದ ಮುಂದೆ ಪಟ್ಟಿ ಬದಲಾಯಿಸುವ ಹೊತ್ತಿಗೆ ಅಮ್ಮನೂ ಪರದೆಯ ಮೇಲೆ ಹಾಜರಿರತೊಡಗಿದರು. ಇಲ್ಲಿ ಸಂಜೆ ಏಳು, ಅಲ್ಲಿ ಎಂಟೂವರೆ. ಅರಿಶಿನ ಹಚ್ಚಬಾರದೇ ಎಂದು ಕೇಳಿದರು. ಅಡುಗೆಯ ಪುಡಿ ಕ್ರಿಮಿರಹಿತವಲ್ಲ, ಅದರ ಬಣ್ಣದಲ್ಲಿ ಕೆಂಪು ಹಬ್ಬುವುದೂ ಕಾಣದೆ ಹೋಗುತ್ತದೆ ಎಂದು ವೈದ್ಯೆ ಹೇಳಿದ್ದನ್ನು ತಿಳಿಸಿದೆ. ಗಾಯವನ್ನು ಗಾಳಿಗೆ ಬಿಟ್ಟರೆ ಬೇಗ ಒಣಗೀತಲ್ಲ ಎಂದರು. ಇದು ನಮ್ಮೆಲ್ಲರ ನಂಬಿಕೆ. ಆದರೆ 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಹಬ್ಬುವುದನ್ನು ತೋರಿಸಿದರು. ಹಕ್ಕಳೆ ಗಟ್ಟಿಯಾದಷ್ಟೂ ಹೊಸ ಚರ್ಮದ ಕೋಶಗಳು ಅದರ ಅಡಿಯಿಂದ ಸುತ್ತಿಕೊಂಡು ಬರಬೇಕಾಗುತ್ತದೆ. ಜೆಲ್ಲಿ ಮಾಡುವ ಕೆಲಸ ಆ ತೇವವನ್ನು ಕಾಪಾಡುವುದು.

ಅಮ್ಮ ಕೇಳಿಸಿಕೊಂಡರು, ಒಪ್ಪಿದರು. ಆದರೆ ಕೆರೆದುಕೊಳ್ಳುವುದನ್ನು ತಡೆಯುವ ಉಪಾಯ ಯಾವ ಹಾಳೆಯಲ್ಲೂ ಇರಲಿಲ್ಲ. ಅದು ಸಿಕ್ಕಿದ್ದು ಅವರಿಂದಲೇ. ತಮ್ಮ ತೋಳಿನ ಮೇಲಿರುವ ದುಂಡನೆಯ ಕಲೆಯನ್ನು ಮೊಮ್ಮಗಳಿಗೆ ತೋರಿಸಿದರು. ಭಾರತ ಸಿಡುಬಿನಿಂದ ಮುಕ್ತವೆಂದು 1977ರಲ್ಲಿ ದೃಢಪಡುವುದಕ್ಕೆ ಮುಂಚಿನ ಕಾಲದಲ್ಲಿ ಮಕ್ಕಳಿಗೆ ಹಾಕುತ್ತಿದ್ದ ಲಸಿಕೆಯ ಗುರುತದು. "ನಂಗೂ ತುರಿಸ್ತಿತ್ತು. ನನ್ನ ಅಮ್ಮ ಹಳೇ ಸೀರೆಯ ಮೆತ್ತನೆ ಬಟ್ಟೆ ಸುತ್ತಿ, ತುರಿಸಿದ್ರೆ ಬಟ್ಟೆ ಮೇಲೆ ತಟ್ಟು ಅಂತಿದ್ರು. ನೀನೂ ತಟ್ಟು, ನಾನೂ ತಟ್ತೇನೆ." ಹೀಗೆ ಪುತ್ತೂರಿನಲ್ಲಿ ಅಜ್ಜಿ ತೋಳನ್ನು, ಅಲ್ ಕುಸೈಸಿನಲ್ಲಿ ಮೊಮ್ಮಗಳು ತೊಡೆಯನ್ನು ತಟ್ಟಿಕೊಂಡರು. ನನ್ನ ಹಳೆಯ ಹತ್ತಿ ಸೀರೆಯೊಂದರ ಅಂಚು ಪಟ್ಟಿಯ ಮೇಲಿನ ಸಡಿಲವಾದ ಸುತ್ತಾಯಿತು. ಅಲ್ಲಿಂದ ಮುಂದೆ ಪಟ್ಟಿ ಕಿತ್ತುಬರಲಿಲ್ಲ.

ಒಂಬತ್ತನೆಯ ದಿನ ವರದಿ ಬಂತು. ಚರ್ಮಕ್ಕೆ ಸೀಮಿತವಾದ ಮಾಸ್ಟೊಸೈಟೋಸಿಸ್. ನಮ್ಮೆಲ್ಲರ ದೇಹದಲ್ಲಿಯೂ ಇರುವ ಮಾಸ್ಟ್ ಕೋಶಗಳು ಅವಳ ಚುಕ್ಕೆಗಳಲ್ಲಿ ಹೆಚ್ಚಾಗಿ ಸೇರಿಕೊಂಡಿವೆ. ಉಜ್ಜಿದಾಗ, ಬಿಸಿ ತಾಗಿದಾಗ ಹಿಸ್ಟಮೈನ್ ಬಿಡುಗಡೆ ಮಾಡುತ್ತವೆ. ಬಾಲ್ಯದಲ್ಲಿ ಬರುವ ಈ ತೊಂದರೆ ಬಹುತೇಕ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಕಡಿಮೆಯಾಗುತ್ತದೆ ಅಥವಾ ಮಾಯವಾಗುತ್ತದೆ ಎಂದರು ವೈದ್ಯೆ. ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ಚಿಂತಿಸುವಂಥದ್ದೇನೂ ಇರಲಿಲ್ಲ. ಅಂದು ಮೊದಲ ಕರೆ ಹೋದದ್ದು ಪುತ್ತೂರಿಗೆ.

ಹನ್ನೆರಡನೆಯ ದಿನ ಎರಡು ನಿಮಿಷದಲ್ಲಿ ಹೊಲಿಗೆ ಬಿಚ್ಚಿದರು. ಹೊಸ ಚರ್ಮ ಗಟ್ಟಿಗೊಳ್ಳುವವರೆಗೆ ಕೆಲವು ವಾರ ಅದನ್ನು ಬಿಸಿಲಿನಿಂದ ಕಾಪಾಡಲು ಹೇಳಿದರು. ನಹ್ದಾ ಪಾಂಡ್ ಪಾರ್ಕಿಗೆ ಹೋಗುವುದನ್ನು ಸೂರ್ಯಾಸ್ತದ ನಂತರಕ್ಕೆ ಮುಂದೂಡಿದೆವು.

ಇಂಥ ಸಂದರ್ಭ ಎದುರಾದವರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಕೆಲವೇ ಮಾತು. ಸೂಚನೆಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ. ಹೊಲಿಗೆ ಬಿಚ್ಚುವ ದಿನವನ್ನು ಅಲ್ಲಿಯೇ ಗೊತ್ತುಮಾಡಿಕೊಳ್ಳಿ. ಅದಕ್ಕೆ ಮೊದಲು ಊರಿಗೆ ಪ್ರಯಾಣವಿದ್ದರೆ ವೈದ್ಯರಿಗೆ ತಿಳಿಸಿ. ವರದಿಯ ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ನಾಳೆ ಮಂಗಳೂರಿನ ವೈದ್ಯರಿಗೆ ಬೇಕಾಗುವುದು ಅದೇ. ಚಿಕಿತ್ಸಾಲಯದ ದೂರವಾಣಿ ಸಂಖ್ಯೆಯ ಜೊತೆಗೆ ಆಂಬುಲೆನ್ಸಿನ 998 ಸಂಖ್ಯೆಯೂ ಕಣ್ಣೆದುರಿಗಿರಲಿ. ಮತ್ತು ಊರಿನಲ್ಲಿರುವ ಹಿರಿಯರಿಗೆ ಮೊದಲ ದಿನವೇ ತಿಳಿಸಿ.

ಊರಿನಲ್ಲಿರುವ ಹಿರಿಯರಲ್ಲೂ ಒಂದು ವಿನಂತಿ. ಬಯಾಪ್ಸಿ ಎಂಬ ಪದ ಕೇಳಿದಾಗ, ಕೂಡಲೇ ವಿಮಾನ ಹತ್ತಿ ಬನ್ನಿ ಎನ್ನುವ ಮೊದಲು, ಯಾವುದಕ್ಕಾಗಿ ಎಂದು ಕೇಳಿ. ಕೇಳಿದರೆ ಮಕ್ಕಳು ಹೇಳುತ್ತಾರೆ.

ಮಗಳ ತೊಡೆಯ ಮೇಲೆ ಈಗ ಹೆಸರುಕಾಳಿನಷ್ಟು ತಿಳಿಗುಲಾಬಿ ಗುರುತು ಉಳಿದಿದೆ. ಭಾನುವಾರದ ಕರೆಯಲ್ಲಿ ಅಜ್ಜಿಯೂ ಮೊಮ್ಮಗಳೂ ಚುಕ್ಕೆಗಳನ್ನು ಎಣಿಸುತ್ತಾರೆ. ಮಗಳಿಗೆ ಇಪ್ಪತ್ತರ ಮುಂದಿನ ಎಣಿಕೆ ಬರುವುದಿಲ್ಲವಾದ್ದರಿಂದ ಲೆಕ್ಕ ಪ್ರತಿ ವಾರವೂ ಇಪ್ಪತ್ತಕ್ಕೇ ಮುಗಿಯುತ್ತದೆ. ಅಮ್ಮ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಾರೆ.