ರಾತ್ರಿ ಓಡಾಡುವ ಮೋಟಾರು ಸೈಕಲ್ಲಿನ ದೀಪ: ಕೆಟ್ಟಾಗ ಪರೀಕ್ಷಿಸುವ ಕ್ರಮ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಹಿಂದೆ ಒಂದು ಒಕ್ಕಲು ಮನೆಯ ಸ್ಥಿತಿಗತಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತುಗಳನ್ನು ನೋಡಿ ಅಳೆಯುವುದು ವಾಡಿಕೆಯಾಗಿತ್ತು. ಅಮೃತಮಹಲ್ ತಳಿಯ ಒಂದು ಜೊತೆ ಎತ್ತುಗಳಿದ್ದ ಮನೆಗೆ ಊರಿನಲ್ಲಿ ಮರ್ಯಾದೆಯೇ ಬೇರೆ. ಈಗ ಅದೇ ಕೊಟ್ಟಿಗೆಯ ಮಗ್ಗುಲಿಗೆ ಮೋಟಾರು ಸೈಕಲ್ಲು ನಿಂತಿದೆ. ಮುಂಜಾನೆ ಡೈರಿಗೆ ಹಾಲಿನ ಕ್ಯಾನು, ಹಗಲು ಹೊಲಕ್ಕೆ ಗೊಬ್ಬರದ ಮೂಟೆ, ಸಂಜೆ ತೋಟದಿಂದ ಹುಲ್ಲಿನ ಹೊರೆ, ಇವೆಲ್ಲವೂ ಅದರ ಮೇಲೆಯೇ ಸಾಗುತ್ತವೆ. ಆದಕಾರಣ ಇದನ್ನು ಷೋಕಿಯ ವಾಹನವೆಂದು ತಿಳಿಯದೆ ನೇಗಿಲು, ಕುಂಟೆ, ಪಂಪುಗಳ ಸಾಲಿನಲ್ಲಿ ಬೇಸಾಯದ ಸಲಕರಣೆಯೆಂದೇ ಎಣಿಸತಕ್ಕದ್ದು. ಆದರೆ ನೇಗಿಲಿನ ಗುಳ ಸವೆದರೆ ಕೂಡಲೇ ಕಮ್ಮಾರನಲ್ಲಿಗೆ ಹೋಗುವ ರೈತನು ಗಾಡಿಯ ದೀಪ ಕೆಟ್ಟರೆ ಮಾತ್ರ “ದಾರಿ ಗೊತ್ತಿರುವುದೇ, ಬೆಳುದಿಂಗಳೂ ಇದೆ” ಎಂದು ಹೊರಟುಬಿಡುತ್ತಾನೆ.

ದಾರಿ ಗೊತ್ತಿರುವುದು ನಿಜ. ದಾರಿಯ ಮೇಲೆ ಆ ರಾತ್ರಿ ಏನಿದೆ ಎಂಬುದು ಗೊತ್ತಿರುವುದಿಲ್ಲ. ಸುಗ್ಗಿಯ ಕಾಲದಲ್ಲಿ ಡಾಂಬರು ರಸ್ತೆಯೇ ಕಣವಾಗುತ್ತದೆ. ರಾಗಿಯ ತೆನೆಯನ್ನೂ ಹುರುಳಿಯನ್ನೂ ಹರಡಿ, ಅದರ ಸುತ್ತ ಇಟ್ಟ ಕಲ್ಲುಗಳನ್ನು ಒಕ್ಕಣೆ ಮುಗಿದ ಮೇಲೆ ತೆಗೆಯದೆ ಬಿಟ್ಟುಹೋಗುವವರುಂಟು. ಈರುಳ್ಳಿಯ ಮೂಟೆ ಹೇರಿದ ಟ್ರಾಕ್ಟರಿನ ಟ್ರೈಲರು ಹಿಂದೆ ಕೆಂಪು ದೀಪವಿಲ್ಲದೆ ರಸ್ತೆಯ ಅಂಚಿನಲ್ಲಿ ನಿಂತಿರುತ್ತದೆ. ಲಕ್ಕವಳ್ಳಿಯ ಕಡೆ, ಭದ್ರಾ ಅಭಯಾರಣ್ಯದ ಅಂಚಿನ ಊರುಗಳಲ್ಲಿ ಕಾಡುಪ್ರಾಣಿಯ ಭಯ ಬೇರೆ. ಪಂಪಿನ ಮೂರು ಫೇಸಿನ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದಾಗ ಯಜಮಾನನಾಗಲಿ ಆಳಾಗಲಿ ಕತ್ತಲಲ್ಲಿ ಹೊರಡಲೇಬೇಕು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಗಾಡಿಯು ಒಂದು ಸೆಕೆಂಡಿಗೆ ಸುಮಾರು 11 ಮೀಟರು ಸಾಗುತ್ತದೆ. ಎದುರಿಗೆ ಕಂಡದ್ದು ಎಮ್ಮೆಯೆಂದು ಮನಸ್ಸಿಗೆ ಹೊಳೆದು ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕು ಹಿಡಿಯುವ ಮೊದಲೇ 16 ಮೀಟರು ದಾರಿ ಕಳೆದುಹೋಗಿರುತ್ತದೆ. ಬೆಳುದಿಂಗಳಿನಲ್ಲಿ ಕರಿಯ ಎಮ್ಮೆ ಅಷ್ಟು ದೂರಕ್ಕೆ ಕಾಣುವುದಿಲ್ಲ.

ದೀಪವನ್ನು ಪರೀಕ್ಷಿಸುವ ಮೊದಲು ಅದಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಬೇಕು. ತೋಟದ ನಾಲೆಯಲ್ಲಿ ನೀರು ಬಾರದಿದ್ದರೆ ತೂಬಿನಿಂದ ನೋಡಿಕೊಂಡು ಬರುವಂತೆ ಇಲ್ಲಿಯೂ ಮೂಲದಿಂದ ನೋಡುವುದು ಸುಲಭ. ಎಂಜಿನಿನ ಮಗ್ಗುಲಲ್ಲಿ ತಿರುಗುವ ಮ್ಯಾಗ್ನೆಟ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. ಹಳೆಯ ಮಾದರಿಯ ಅನೇಕ ಗಾಡಿಗಳಲ್ಲಿ ಆ ವಿದ್ಯುತ್ತು ರೆಗ್ಯುಲೇಟರಿನ ಹತೋಟಿಯಲ್ಲಿ ನೇರವಾಗಿ ಮುಂದಿನ ದೀಪಕ್ಕೆ ಹೋಗುತ್ತದೆ. ಬ್ಯಾಟರಿಗೂ ಆ ದೀಪಕ್ಕೂ ಸಂಬಂಧವಿಲ್ಲ. ಎಂಜಿನು ನಿಂತರೆ ದೀಪವೂ ಆರುತ್ತದೆ, ವೇಗ ಹೆಚ್ಚಿದರೆ ಬೆಳಕೂ ಹೆಚ್ಚುತ್ತದೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ತು ಮೊದಲು ಬ್ಯಾಟರಿಯನ್ನು ತುಂಬಿ, ಅಲ್ಲಿಂದ ದೀಪಕ್ಕೆ ಬರುತ್ತದೆ. ಮೊದಲನೆಯ ಬಗೆಯ ಗಾಡಿಯಿಟ್ಟುಕೊಂಡು ದೀಪ ಮಂಕಾಯಿತೆಂದು ಹೊಸ ಬ್ಯಾಟರಿ ಕೊಂಡವರ ಹಣ ವ್ಯರ್ಥವಾಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961 ರಿಂದ ತಯಾರಾಗುತ್ತಿದ್ದ ಜಾವಾ ಗಾಡಿಗಳು ಇನ್ನೂ ಕೆಲವು ಮನೆಗಳಲ್ಲಿವೆ. ಆ ಕಾಲದ ಜಾವಾದಲ್ಲಿ ವಿದ್ಯುತ್ತು 6 ವೋಲ್ಟಿನದು. ಅದಕ್ಕೆ ಈಗಿನ 12 ವೋಲ್ಟಿನ ಬಲ್ಬು ಹಾಕಿದರೆ ಕೆಂಡದಂತೆ ಕೆಂಪಗೆ ಉರಿಯುವುದೇ ಹೊರತು ದಾರಿ ಕಾಣಿಸುವುದಿಲ್ಲ. 12 ವೋಲ್ಟಿನ ಗಾಡಿಗೆ 6 ವೋಲ್ಟಿನ ಬಲ್ಬು ಹಾಕಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ದೀಪ ಹತ್ತದಿದ್ದಾಗ ಕೈಯಲ್ಲಿ ಸಲಕರಣೆ ಹಿಡಿಯುವ ಮುನ್ನ ಗಾಡಿಯನ್ನೇ ಪ್ರಶ್ನಿಸಿ ನೋಡತಕ್ಕದ್ದು. ಹಾರ್ನೂ ಇಂಡಿಕೇಟರೂ ಕೆಲಸ ಮಾಡದಿದ್ದರೆ ದೋಷವು ದೀಪದಲ್ಲಿಲ್ಲ. ಬ್ಯಾಟರಿಯಲ್ಲಿ, ಅದರ ತುದಿಗಳ ಬಿಗಿಯಲ್ಲಿ ಅಥವಾ ಫ್ಯೂಸಿನಲ್ಲಿದೆ. ಅವು ಸರಿಯಾಗಿದ್ದು ಮುಂದಿನ ದೀಪ ಮಾತ್ರ ಹತ್ತದಿದ್ದರೆ, ದೂರದ ಬೆಳಕು ಮತ್ತು ಸಮೀಪದ ಬೆಳಕು ಎರಡನ್ನೂ ಬದಲಾಯಿಸಿ ನೋಡಬೇಕು. ಬಲ್ಬಿನೊಳಗೆ ಇವೆರಡಕ್ಕೂ ಬೇರೆ ಬೇರೆ ಎಳೆಗಳಿರುವುದರಿಂದ ಒಂದು ಹತ್ತಿ ಇನ್ನೊಂದು ಹತ್ತದಿದ್ದರೆ ಬಹುಮಟ್ಟಿಗೆ ಎಳೆ ಕಡಿದಿರುತ್ತದೆ, ಇಲ್ಲವೇ ಡಿಮ್-ಡಿಪ್ ಸ್ವಿಚ್ಚಿನ ಒಂದು ಬದಿ ಸವೆದಿರುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಆರಿದರೆ ಎರಡಕ್ಕೂ ಸಮಾನವಾದ ತಂತಿಯನ್ನು, ಅಂದರೆ ಒಳಬರುವ ತಂತಿ ಅಥವಾ ಅರ್ತಿನ ತಂತಿಯನ್ನು, ಮೊದಲು ಸಂಶಯಿಸಬೇಕು. ಎದುರಿನ ಗಾಡಿಗೆ ಸೂಚನೆ ಕೊಡುವ ಪಾಸ್ ಗುಂಡಿಯಿದ್ದರೆ ಅದನ್ನು ಒತ್ತಿ ನೋಡುವುದು ಒಳ್ಳೆಯ ಪರೀಕ್ಷೆ. ಆಗ ದೂರದ ಬೆಳಕು ಬಂದರೆ ಆ ಎಳೆಯೂ ಅರ್ತೂ ನೆಟ್ಟಗಿವೆಯೆಂದೂ, ದೋಷವು ಸ್ವಿಚ್ಚಿನಲ್ಲಾಗಲಿ ಅದರ ಹಿಂದಿನ ಮಾರ್ಗದಲ್ಲಾಗಲಿ ಇದೆಯೆಂದೂ ನಿಶ್ಚಯಿಸಬಹುದು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಇನ್ನು ಕೈಗೆ ಕೆಲಸ. ದೀಪದ ಮುಖವನ್ನು ಬಿಚ್ಚಿ ಬಲ್ಬು ಆರಿ ತಣ್ಣಗಾದ ಮೇಲೆ ತೆಗೆದು ಬೆಳಕಿಗೆ ಹಿಡಿದರೆ ಎಳೆ ಕಡಿದಿರುವುದೂ ಗಾಜು ಕಪ್ಪಾಗಿರುವುದೂ ಕಾಣುತ್ತದೆ. ಹೊಸ ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಕೂಡದು. ಕೈಯ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಗಾಜು ಬೇಗ ಹಾಳಾಗುತ್ತದೆ. ಬಲ್ಬು ಸರಿಯಿದ್ದರೆ ಅದನ್ನು ಹಿಡಿದಿರುವ ಹೋಲ್ಡರನ್ನು ಚೆನ್ನಾಗಿ ನೋಡತಕ್ಕದ್ದು. ಈ ಸೀಮೆಯ ಗಾಡಿಗಳ ರೋಗ ಬಹುಪಾಲು ಇಲ್ಲಿಯೇ ಮನೆಮಾಡಿರುತ್ತದೆ. ಗೊಬ್ಬರದ ಮೂಟೆಯನ್ನು ಹ್ಯಾಂಡಲಿನ ಹಿಂದೆ ಟ್ಯಾಂಕಿನ ಮೇಲೆ ಹೇರುವುದರಿಂದ ಅದರ ಪುಡಿಯು ತೇವ ಹೀರಿ ತಂತಿಯ ಕೂಡಿಕೆಗಳನ್ನು ತಿನ್ನುತ್ತದೆ. ತರೀಕೆರೆಯ ಅಡಕೆ ತೋಟಗಳಿಗೆ ಕೊಳೆರೋಗದ ಕಾಲದಲ್ಲಿ ಬೋರ್ಡೋ ದ್ರಾವಣವನ್ನು ಕ್ಯಾನುಗಳಲ್ಲಿ ತುಂಬಿ ಗಾಡಿಯ ಮೇಲೆಯೇ ಒಯ್ಯುವಾಗ ಅದು ತುಳುಕದೆ ಇರದು. ಕೆಲಸ ಮುಗಿದ ಮೇಲೆ ಗಾಡಿಯನ್ನು ಕೆರೆಗೆ ಇಳಿಸಿ ತೊಳೆಯುವುದೋ, ಪಂಪಿನ ಕೊಳವೆಯನ್ನು ನೇರವಾಗಿ ದೀಪಕ್ಕೆ ಹಿಡಿಯುವುದೋ ಉಂಟು. ಎಮ್ಮೆಗೆ ಹಿತವಾದ ಸ್ನಾನ ಮೋಟಾರು ಸೈಕಲ್ಲಿಗೆ ಹಿತವಲ್ಲ. ಹಿತ್ತಾಳೆಯ ನಾಲಿಗೆಗಳ ಮೇಲೆ ಹಸಿರು ಕಿಲುಬು ಕಂಡರೆ ಸಣ್ಣ ಉಜ್ಜುಕಾಗದದಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಸಡಿಲವಾದ ನಾಲಿಗೆಗಳನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಬಿಗಿಮಾಡತಕ್ಕದ್ದು. ಹೋಲ್ಡರಿನ ಪ್ಲಾಸ್ಟಿಕ್ಕು ಕಂದಿ ಕರಗಿದ್ದರೆ ಬದಲಾಯಿಸುವುದೇ ಲೇಸು.

ಅಲ್ಲಿಯೂ ದೋಷ ಕಾಣದಿದ್ದರೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು. ತಿರುಗಿಸಿದಾಗ ದೀಪ ಮಿನುಗಿದರೆ ಹ್ಯಾಂಡಲಿನ ಕುತ್ತಿಗೆಯ ಬಳಿ ತಂತಿಯು ಒಳಗೇ ಮುರಿದಿದೆಯೆಂದು ತಿಳಿಯಬಹುದು. ಹೊರಗಿನ ಹೊದಿಕೆ ಚೆನ್ನಾಗಿಯೇ ಇದ್ದು ಒಳಗಿನ ತಾಮ್ರದ ಎಳೆಗಳು ಮಾತ್ರ ತುಂಡಾಗಿರುವುದೂ ಉಂಟು. ಗಾಡಿಯನ್ನು ರಾಗಿಯ ಬಣವೆಯ ಪಕ್ಕದಲ್ಲಾಗಲಿ ಮೂಟೆಗಳ ಕೋಣೆಯಲ್ಲಾಗಲಿ ನಿಲ್ಲಿಸುವ ಮನೆಗಳಲ್ಲಿ ಇಲಿಯ ಹಲ್ಲಿನ ಗುರುತನ್ನೂ ಹುಡುಕಬೇಕು. ಕಾಳಿಗಾಗಿ ಬಂದ ಇಲಿಯು ತಂತಿಯನ್ನೂ ಕಡಿಯುತ್ತದೆ. ಅಂಥ ಮನೆಯಲ್ಲಿ ತಂತಿ ಬದಲಾಯಿಸುವ ಮೊದಲು ಇಲಿಯ ಬೋನು ಇಡುವುದು ಒಳ್ಳೆಯದು.

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಪರೀಕ್ಷಾದೀಪವೊಂದಿದ್ದರೆ ಕೆಲಸ ಇನ್ನೂ ಸುಲಭ. ಇಂಡಿಕೇಟರಿನ 12 ವೋಲ್ಟು, 10 ವಾಟಿನ ಬಲ್ಬಿಗೆ ಎರಡು ಮೊಳದ ಎರಡು ತಂತಿಗಳನ್ನು ಬೆಸುಗೆ ಹಾಕಿಸಿದರೆ ಅದೇ ಪರೀಕ್ಷಾದೀಪ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನು ಚಾಲೂ ಮಾಡಿ, ಮುಂದಿನ ದೀಪದ ಸ್ವಿಚ್ಚು ಹಾಕಿ, ಒಂದು ತಂತಿಯನ್ನು ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೂ ಇನ್ನೊಂದನ್ನು ಬಲ್ಬಿನಿಂದ ಕಳಚಿದ ಹೋಲ್ಡರಿನ ನಾಲಿಗೆಗೂ ಮುಟ್ಟಿಸಬೇಕು. ಬೆಳಕು ಬಂದರೆ ವಿದ್ಯುತ್ತು ಅಲ್ಲಿಯವರೆಗೆ ಬಂದಿದೆ. ಬಳಿಕ ಕಬ್ಬಿಣಕ್ಕೆ ಮುಟ್ಟಿಸಿದ್ದ ತಂತಿಯನ್ನು ಹೋಲ್ಡರಿನ ಅರ್ತಿನ ನಾಲಿಗೆಗೆ ಮುಟ್ಟಿಸಬೇಕು. ಆಗ ಬೆಳಕು ಆರಿದರೆ ಅರ್ತಿನ ತಂತಿ ಕಡಿದಿದೆ. ಆರದೆ ಉರಿದರೆ ಬಲ್ಬೇ ಹೋಗಿದೆ. ಮೊದಲಿನಿಂದಲೂ ಬೆಳಕೇ ಬಾರದಿದ್ದರೆ ಸ್ವಿಚ್ಚು, ರೆಗ್ಯುಲೇಟರು, ಮ್ಯಾಗ್ನೆಟ್ಟಿನ ಸುರುಳಿಯವರೆಗೆ ಹಿಂದೆ ಹಿಂದೆ ಹೋಗಬೇಕಾಗುತ್ತದೆ. ಸುರುಳಿಯ ಕೆಲಸ ಮೆಕ್ಯಾನಿಕ್ಕಿನದು. ಹೊಸ ಗಾಡಿಗಳ ಎಲ್‌ಇಡಿ ದೀಪದಲ್ಲಿ ಬದಲಾಯಿಸುವ ಬಲ್ಬೇ ಇರುವುದಿಲ್ಲವಾದ್ದರಿಂದ ಅದರ ತಂತಿಯ ಕೂಡಿಕೆಯನ್ನು ಮಾತ್ರ ನೋಡಿ, ಒಳಗನ್ನು ಕೆದಕದೆ ಬಿಡುವುದು ಯುಕ್ತ.

ಬಲ್ಬು ಪದೇ ಪದೇ ಸುಡುವುದು ಪ್ರತ್ಯೇಕವಾದ ರೋಗ. ಬೆಳಿಗ್ಗೆ ಹಾಕಿದ ಬಲ್ಬು ರಾತ್ರಿ ವೇಗವಾಗಿ ಹೋಗುವಾಗ ಒಮ್ಮೆ ಪ್ರಖರವಾಗಿ ಬೆಳಗಿ ಆರಿಹೋಯಿತೆಂದರೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ರೆಗ್ಯುಲೇಟರು ಕೆಟ್ಟು ಮ್ಯಾಗ್ನೆಟ್ಟಿನ ವಿದ್ಯುತ್ತೆಲ್ಲ ತಡೆಯಿಲ್ಲದೆ ನುಗ್ಗುತ್ತಿದೆ. ಕೋಡಿ ಒಡೆದ ಕೆರೆಗೆ ತೂಬು ಬದಲಾಯಿಸಿದಂತೆ ಬಲ್ಬು ಬದಲಾಯಿಸುವುದು. ಬ್ಯಾಟರಿಯಿಂದ ದೀಪ ಉರಿಯುವ ಗಾಡಿಯಲ್ಲಿ ಇದನ್ನು ಮೀಟರಿನಿಂದ ತಿಳಿಯಬಹುದು. ತುಂಬಿದ ಬ್ಯಾಟರಿಯು ಎಂಜಿನು ನಿಂತಿರುವಾಗ ಸುಮಾರು 12.6 ವೋಲ್ಟನ್ನೂ, ಎಂಜಿನು ವೇಗದಲ್ಲಿರುವಾಗ 13.5 ರಿಂದ 14.5 ವೋಲ್ಟನ್ನೂ ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರು ಕೆಟ್ಟಿದೆ. 12.6 ರಿಂದ ಮೇಲೇರದಿದ್ದರೆ ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿಲ್ಲ, ಇಂದಲ್ಲ ನಾಳೆ ದೀಪ ಆರುತ್ತದೆ.

ತರುಣರಿಗೆ ಹೆಚ್ಚು ಬೆಳಕಿನ ಆಸೆ. ಕಾರ್ಖಾನೆಯವರು 35 ವಾಟಿನ ಬಲ್ಬು ಕೊಟ್ಟ ಗಾಡಿಗೆ ಪೇಟೆಯಿಂದ 100 ವಾಟಿನದನ್ನು ತಂದು ಹಾಕುತ್ತಾರೆ. 35 ವಾಟಿಗೆ ಸುಮಾರು 3 ಆಂಪಿಯರು ಸಾಕು, 100 ವಾಟಿಗೆ 8 ಕ್ಕೂ ಹೆಚ್ಚು ಬೇಕು. ಅದೇ ಸಣ್ಣ ತಂತಿಯಲ್ಲಿ ಹುಟ್ಟುವ ಕಾವು ಎಂಟರಷ್ಟಾಗುತ್ತದೆ. ಹೋಲ್ಡರು ಕರಗುವುದೂ ಸ್ವಿಚ್ಚು ಸುಡುವುದೂ ಇದರಿಂದಲೇ. ಫ್ಯೂಸು ಹೋದಾಗ ಸಿಗರೇಟಿನ ಬೆಳ್ಳಿಕಾಗದವನ್ನೋ ತಾಮ್ರದ ತಂತಿಯನ್ನೋ ಸುತ್ತುವುದು ಇನ್ನೂ ಅಪಾಯ. ಫ್ಯೂಸಿನ ಮೇಲೆ ಬರೆದಿರುವ ಆಂಪಿಯರಿನದನ್ನೇ ಹಾಕತಕ್ಕದ್ದು, ಅದೂ ಕೂಡಲೇ ಹೋದರೆ ಎಲ್ಲಿಯೋ ತಂತಿಯ ಹೊದಿಕೆ ಹರಿದು ಕಬ್ಬಿಣಕ್ಕೆ ತಾಗುತ್ತಿದೆಯೆಂದು ತಿಳಿಯಬೇಕು. ಪೆಟ್ರೋಲು ಟ್ಯಾಂಕಿನ ಕೆಳಗೆ ಹಾದುಹೋಗುವ ತಂತಿಯಲ್ಲಿ ಇಂಥ ಆಟ ಸಲ್ಲದು.

ದೀಪ ಉರಿದರೂ ದಾರಿ ಕಾಣದ ಗಾಡಿಗಳುಂಟು. ಕಡೂರಿನ ಬಯಲು ದಾರಿಯ ಧೂಳು, ಅಜ್ಜಂಪುರದ ಎರೆಮಣ್ಣಿನ ಕೆಸರು ಗಾಜಿನ ಮೇಲೆ ಕಟ್ಟಿಕೊಂಡಿದ್ದರೆ ಒದ್ದೆ ಬಟ್ಟೆಯಿಂದ ಒರೆಸುವುದೇ ಚಿಕಿತ್ಸೆ. ಹಿಂದೆ ಎರಡು ಮೂಟೆ ಹೇರಿದಾಗ ಮುಂದಿನ ದೀಪ ಮೇಲಕ್ಕೆ ಮುಖಮಾಡಿ ಮರದ ಕೊಂಬೆಗಳನ್ನೂ ಎದುರು ಬರುವವರ ಕಣ್ಣನ್ನೂ ಬೆಳಗುತ್ತದೆ. ಗೋಡೆಯಿಂದ 10 ಮೀಟರು ದೂರದಲ್ಲಿ, ಎಂದಿನ ಹೊರೆಯೊಡನೆ ಸವಾರನು ಕುಳಿತು, ಸಮೀಪದ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳುವಂತೆ ತಿರುಪನ್ನು ತಿರುಗಿಸಿಕೊಳ್ಳತಕ್ಕದ್ದು.

ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ದೀಪವಿಲ್ಲದೆ ವಾಹನ ನಡೆಸುವುದು ಕಾನೂನಿಗೂ ವಿರುದ್ಧ. 2017 ನೆಯ ಏಪ್ರಿಲ್ 1 ರಿಂದ ಮಾರಾಟಕ್ಕೆ ಬಂದ ದ್ವಿಚಕ್ರ ವಾಹನಗಳಲ್ಲಿ ಎಂಜಿನು ಚಾಲೂ ಆದೊಡನೆ ದೀಪವು ತಾನಾಗಿಯೇ ಹತ್ತುವಂತೆ ನಿಯಮವಾಗಿದೆ. ಆದುದರಿಂದ ಹೊಸ ಗಾಡಿಯುಳ್ಳವರು ಹಗಲಿನಲ್ಲಿಯೇ ಗೋಡೆಯ ಮುಂದೆ ನಿಲ್ಲಿಸಿ ದೀಪದ ಯೋಗ್ಯತೆಯನ್ನು ನೋಡಿಕೊಳ್ಳಬಹುದು.

ದಾರಿಯ ಮಧ್ಯದಲ್ಲಿ ದೀಪ ಆರಿದರೆ ಗಾಡಿಯನ್ನು ರಸ್ತೆಯಿಂದ ಪೂರಾ ಕೆಳಗಿಳಿಸಿ, ಇಂಡಿಕೇಟರು ಹಾಕಿ, ಫ್ಯೂಸನ್ನೂ ಹೋಲ್ಡರನ್ನೂ ನೋಡಬೇಕು. ಒಂದು ಕೈಯಲ್ಲಿ ಬ್ಯಾಟರಿ ದೀಪ ಹಿಡಿದು ಇನ್ನೊಂದು ಕೈಯಲ್ಲಿ ಗಾಡಿ ನಡೆಸುವ ಸಾಹಸ ಬೇಡ. ಬ್ರೇಕು ಹಿಡಿಯುವ ಕೈಯೇ ಆಗ ಖಾಲಿಯಿರುವುದಿಲ್ಲ. ನೀರು ಕಟ್ಟಲು ಆಳನ್ನು ರಾತ್ರಿ ಕಳುಹಿಸುವ ಯಜಮಾನರು ಅವನ ಕೈಗೆ ಗಾಡಿಯ ಬೀಗದಕೈ ಕೊಡುವಾಗ ದೀಪವನ್ನು ತಾವೇ ಒಮ್ಮೆ ಹಾಕಿ ನೋಡುವುದು ನ್ಯಾಯ. ಗ್ರಾಮದ ಮುಖಂಡರು ಸುಗ್ಗಿಗೆ ಮೊದಲು ಊರಿನ ಟ್ರಾಕ್ಟರುಗಳ ಟ್ರೈಲರುಗಳಿಗೆಲ್ಲ ಹಿಂದೆ ಕೆಂಪು ಪ್ರತಿಫಲಕದ ಪಟ್ಟಿ ಅಂಟಿಸುವಂತೆಯೂ, ಒಕ್ಕಣೆಯ ಕಲ್ಲುಗಳನ್ನು ಅದೇ ಸಂಜೆ ತೆಗೆಸುವಂತೆಯೂ ಏರ್ಪಾಡು ಮಾಡಬಹುದು. ಗಾಡಿಯ ಪಕ್ಕದ ಪೆಟ್ಟಿಗೆಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಬಲ್ಬು, ಎರಡು ಫ್ಯೂಸು, ಒಂದು ತಿರುಪುಳಿ ಮತ್ತು ಸಣ್ಣ ಬ್ಯಾಟರಿ ದೀಪ ಇಟ್ಟುಕೊಂಡಿರತಕ್ಕದ್ದು. ಬಲ್ಬು ಕೊಳ್ಳುವಾಗ ಹಳೆಯದನ್ನೇ ಅಂಗಡಿಗೆ ಒಯ್ದು ತೋರಿಸಿದರೆ ವೋಲ್ಟು, ವಾಟು, ಬುಡದ ಆಕಾರ ಮೂರೂ ತಪ್ಪುವುದಿಲ್ಲ.