ಜಂತುಹುಳು ಔಷಧಿಗೆ ಮೊದಲು ಸಗಣಿ ಪರೀಕ್ಷೆ



ಹಸು ಮೇವು ತಿನ್ನುತ್ತದೆ, ಹಿಂಡಿ ತಿನ್ನುತ್ತದೆ, ಜ್ವರವಿಲ್ಲ. ಆದರೂ ಹಾಲು ಇಳಿಯುತ್ತದೆ, ರೋಮ ಒರಟಾಗುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ. ಇಂಥ ರಾಸಿಗೆ ಅಂಗಡಿಯಿಂದ ಯಾವುದೋ ಒಂದು ಜಂತುಹುಳು ಔಷಧಿ ತಂದು ಕುಡಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹೊಟ್ಟೆಯಲ್ಲಿರುವ ಹುಳು ಯಾವುದೆಂದು ತಿಳಿಯದೆ ಕುಡಿಸಿದರೆ ಎಷ್ಟೋ ಬಾರಿ ಹಣ ದಂಡ. ಐವರ್‌ಮೆಕ್ಟಿನ್ ದುಂಡುಹುಳುಗಳಿಗೆ ಸರಿ, ಪಿತ್ತಜನಕಾಂಗದ ಎಲೆಹುಳುವನ್ನು ಅದು ಕೊಲ್ಲುವುದಿಲ್ಲ. ಟ್ರೈಕ್ಲಾಬೆಂಡಜೋಲ್ ಎಲೆಹುಳುವನ್ನು ಕೊಲ್ಲುತ್ತದೆ, ಆದರೆ ದೊಡ್ಡ ಹೊಟ್ಟೆಯಲ್ಲಿ ಅಂಟಿಕೊಂಡಿರುವ ಚಪ್ಪಟೆಹುಳುವಿಗೆ ನಾಟುವುದಿಲ್ಲ. ಕರುಗಳ ರಕ್ತಬೇಧಿಗೆ ಕಾರಣವಾಗುವ ಕಾಕ್ಸಿಡಿಯಾ ಹುಳುವೇ ಅಲ್ಲ, ಅದರ ಚಿಕಿತ್ಸೆಯೇ ಬೇರೆ. ಇನ್ನು ಗಬ್ಬದ ಮೊದಲ ಮೂರು ತಿಂಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಹೊಟ್ಟೆಯಲ್ಲಿರುವ ಕರುವಿಗೇ ಅಪಾಯ.

ಪರೀಕ್ಷೆ ಕಷ್ಟದ್ದಲ್ಲ. ಸಗಣಿಯನ್ನು ಗಟ್ಟಿ ಉಪ್ಪು ನೀರಿನಲ್ಲಿ ಕಲಸಿ ಬಿಟ್ಟರೆ ದುಂಡುಹುಳು ಮತ್ತು ಲಾಡಿಹುಳುಗಳ ಮೊಟ್ಟೆಗಳು ಹಗುರವಾಗಿ ಮೇಲೆ ತೇಲುತ್ತವೆ. ಎಲೆಹುಳುವಿನ ಮೊಟ್ಟೆ ಭಾರ, ತೇಲುವುದಿಲ್ಲ. ಅದಕ್ಕಾಗಿ ಸಗಣಿಯನ್ನು ಬರೀ ನೀರಿನಲ್ಲಿ ಹಲವು ಸಲ ತೊಳೆದು, ತಳದಲ್ಲಿ ಕುಳಿತದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪಿತ್ತಜನಕಾಂಗದ ಎಲೆಹುಳುವಿನ ಮೊಟ್ಟೆ ಪಿತ್ತದ ಬಣ್ಣ ಹಿಡಿದು ಹಳದಿಯಾಗಿರುತ್ತದೆ, ದೊಡ್ಡ ಹೊಟ್ಟೆಯ ಚಪ್ಪಟೆಹುಳುವಿನದು ಬಣ್ಣವಿಲ್ಲದೆ ತಿಳಿಯಾಗಿರುತ್ತದೆ. ಒಂದು ಗ್ರಾಂ ಸಗಣಿಯಲ್ಲಿ ಎಷ್ಟು ಮೊಟ್ಟೆ ಎಂದು ಎಣಿಸುವ ವಿಧಾನವೂ ಇದೆ.

ಮಾದರಿ ಕೆಟ್ಟರೆ ವರದಿಯೂ ಕೆಟ್ಟಂತೆ. ಕೊಟ್ಟಿಗೆ ನೆಲದಿಂದ ಬಳಿದ ಸಗಣಿ ಬೇಡ, ಅದರಲ್ಲಿ ಮಣ್ಣಿನ ಹುಳುಗಳೂ ಸೇರಿರುತ್ತವೆ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ರಾಸು ಸಗಣಿ ಹಾಕುವಾಗಲೇ ನಿಂಬೆಹಣ್ಣಿನ ಗಾತ್ರದಷ್ಟು ಹಿಡಿದು, ಗಾಳಿಯಾಡದಂತೆ ಡಬ್ಬಿ ತುಂಬಿ ಮುಚ್ಚಬೇಕು. ರಾಸಿನ ಗುರುತು, ವಯಸ್ಸು, ಗಬ್ಬ ಎಷ್ಟು ತಿಂಗಳು, ಹಿಂದೆ ಯಾವ ಔಷಧಿ ಯಾವಾಗ ಕೊಟ್ಟಿರಿ ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಬಿಸಿಲಿಗೆ ಇಟ್ಟರೆ ದುಂಡುಹುಳುವಿನ ಮೊಟ್ಟೆ ಒಂದೇ ದಿನದಲ್ಲಿ ಒಡೆದು ಮರಿಯಾಗುವುದುಂಟು. ಆದ್ದರಿಂದ ಬೆಳಗಿನ ಮಾದರಿಯನ್ನು ಅಂದೇ ಪಶು ಆಸ್ಪತ್ರೆಗೆ ತಲುಪಿಸುವುದು ಲೇಸು. ತಡವಾಗುವಂತಿದ್ದರೆ ಮಂಜುಗಡ್ಡೆಯ ಜೊತೆ ಇಡಿ, ಹೆಪ್ಪುಗಟ್ಟಿಸಬೇಡಿ.

ಹೆಚ್ಚಿನ ಪರೀಕ್ಷೆ ಬೇಕೆಂದು ಡಾಕ್ಟರು ಹೇಳಿದರೆ ನಮ್ಮ ತಾಲ್ಲೂಕುಗಳಿಗೆ ಹೆಬ್ಬಾಳ ದೂರವಲ್ಲ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಅಲ್ಲಿದೆ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೂ ಅಲ್ಲೇ ಇದೆ.

ಮೊಟ್ಟೆ ಕಾಣಲಿಲ್ಲವೆಂದ ಮಾತ್ರಕ್ಕೆ ಹುಳು ಇಲ್ಲವೆಂದಲ್ಲ. ಎಲೆಹುಳು ಒಳಹೊಕ್ಕ ಮೇಲೆ ಮೊಟ್ಟೆಯಿಡಲು ಸುಮಾರು ಮೂರು ತಿಂಗಳು ಬೇಕು. ಚಪ್ಪಟೆಹುಳುವಿನ ಮರಿಗಳಂತೂ ಮೊಟ್ಟೆಯಿಡುವ ವಯಸ್ಸಿಗೆ ಮೊದಲೇ ಕರುಳನ್ನು ಕೆಡಿಸಿ ನಾರುವ ನೀರುಬೇಧಿ ತರುತ್ತವೆ, ಗದ್ದದಡಿ ನೀರು ತುಂಬಿ ಊದುತ್ತದೆ. ಕೆರೆ ಅಂಗಳದಲ್ಲಿ, ಬಸವನಹುಳು ಇರುವ ಜೌಗಿನಲ್ಲಿ ಮೇಯ್ದ ರಾಸಿಗೆ ಹೀಗಾದರೆ ವರದಿಗಾಗಿ ಕಾಯದೆ ಡಾಕ್ಟರಿಗೆ ತೋರಿಸಿ, ಎಲ್ಲಿ ಮೇಯಿಸಿದಿರಿ ಎಂಬುದನ್ನು ತಪ್ಪದೆ ಹೇಳಿ. ಗೊರಕೆ ರೋಗದ ಹುಳು ಇರುವುದು ಮೂಗಿನ ರಕ್ತನಾಳದಲ್ಲಿ, ಅದಕ್ಕೆ ಸಗಣಿಯಲ್ಲ, ಮೂಗಿನ ಸಿಂಬಳ ಪರೀಕ್ಷಿಸಬೇಕು.

ಔಷಧಿ ಕೊಟ್ಟ ಎರಡು ವಾರಕ್ಕೆ ಇನ್ನೊಮ್ಮೆ ಸಗಣಿ ತೋರಿಸಿ. ಮೊಟ್ಟೆಯ ಲೆಕ್ಕ ಇಳಿಯದಿದ್ದರೆ ಪ್ರಮಾಣ ಕಡಿಮೆಯಾಗಿರಬಹುದು ಅಥವಾ ಹುಳು ಆ ಔಷಧಿಗೆ ಒಗ್ಗಿರಬಹುದು. ಔಷಧಿ ಕೊಟ್ಟ ಹಸುವಿನ ಹಾಲನ್ನು ಎಷ್ಟು ದಿನ ಸಂಘಕ್ಕೆ ಹಾಕಬಾರದೆಂದು ಡಾಕ್ಟರನ್ನು ಅಂದೇ ಕೇಳಿ ಬರೆದಿಟ್ಟುಕೊಳ್ಳಿ.