ದೂರೋದ್ಯೋಗಿಗಳ ಪರದೇಶವಾಸ: ಅರ್ಜಿಗಳು ತಿರಸ್ಕೃತವಾಗುವುದೇಕೆ?

ಕಡೇಚೂರಿನ ಸುತ್ತಲಿನ ಹಳ್ಳಿಗಳಿಗೆ ‘ಗುಳೆ’ ಎಂಬ ಮಾತು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳುಮರಿಗಳನ್ನು ಕಟ್ಟಿಕೊಂಡು, ಸೈದಾಪುರದಲ್ಲಿ ರೈಲನ್ನೇರಿ ಮುಂಬಯಿಗೋ ಪುಣೆಗೋ ಹೋದವರನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಮನುಷ್ಯನು ಕೆಲಸವನ್ನು ಅರಸಿಕೊಂಡು ಹೋಗುವನು. 2020ರ ಮಹಾವ್ಯಾಧಿಯ ತರುವಾಯ ಇದಕ್ಕೆ ವಿಪರೀತವಾದ ಸಂಚಾರವೊಂದು ಲೋಕದಲ್ಲಿ ರೂಢಿಗೆ ಬಂದಿರುವುದಷ್ಟೆ. ಈ ಹೊಸ ಸಂಚಾರಿಯು ಕೆಲಸವನ್ನು ಅರಸುವುದಿಲ್ಲ. ಅದನ್ನು ಗಣಕಯಂತ್ರದಲ್ಲಿಟ್ಟುಕೊಂಡು ಸಂಗಡವೇ ಒಯ್ಯುತ್ತಾನೆ. ವೇತನ ಕೊಡುವ ಧಣಿಯು ಒಂದು ದೇಶದಲ್ಲಿ, ದುಡಿಯುವವನು ಇನ್ನೊಂದು ದೇಶದಲ್ಲಿ.

ಇಂಥವರಿಗಾಗಿ ಎಸ್ಟೋನಿಯವು 2020ರ ಆಗಸ್ಟಿನಲ್ಲಿ ಪ್ರತ್ಯೇಕ ವೀಸಾ ಏರ್ಪಡಿಸಿತು. 2022ರ ಅಕ್ಟೋಬರಿನಲ್ಲಿ ಪೋರ್ಚುಗಲ್ಲೂ ಮಲೇಶಿಯವೂ, ಅದೇ ವರ್ಷದ ಕೊನೆಯ ಶಾಸನದಿಂದ ಸ್ಪೇನೂ, 2024ರಲ್ಲಿ ಥಾಯ್ಲೆಂಡೂ ಬಾಗಿಲು ತೆರೆದವು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಬಂದವರೆಲ್ಲ ಒಳಹೋಗುವರೆಂದಲ್ಲ.

ನನ್ನಲ್ಲಿ ಓದಿದ ಹುಡುಗನೊಬ್ಬನು ಆ ವ್ಯಾಧಿಯ ಕಾಲದಲ್ಲಿ ಊರಿಗೆ ಬಂದು, ಮನೆಯ ಅಟ್ಟದ ಮೇಲೆ ಕುಳಿತೇ ಬೆಂಗಳೂರಿನ ಸಂಸ್ಥೆಯೊಂದರ ಕೆಲಸವನ್ನು ಮಾಡುತ್ತಿದ್ದನು. ಒಂದು ವರ್ಷ ಐರೋಪ್ಯ ದೇಶವೊಂದರಲ್ಲಿದ್ದು ದುಡಿಯಬೇಕೆಂದು ಅವನಿಗೆ ಆಶೆ. ಖಾತೆಯಲ್ಲಿ ಹಣ ಹೆಚ್ಚಾಗಿ ಕಾಣಲೆಂದು ತಂದೆಯು ಆ ಸಾಲಿನ ಹತ್ತಿ ಮಾರಿದ ಹಣವನ್ನೆಲ್ಲ ಮಗನ ಖಾತೆಗೆ ಹಾಕಿದನು. ಅರ್ಜಿಯು ತಿರಸ್ಕೃತವಾಯಿತು, ಕಟ್ಟಿದ ಶುಲ್ಕವೂ ಹೋಯಿತು. “ಗುರುಗಳೇ, ನನ್ನಿಂದ ಏನ್ ತಪ್ಪಾತ್ರಿ?” ಎಂದು ಅವನು ಕೇಳಿದಾಗ ಪಕ್ಕದಲ್ಲಿದ್ದ ತಾಯಿಯು ಸೆರಗಿನಿಂದ ಕಣ್ಣೊರೆಸಿಕೊಂಡಳು. ಊರಿನಲ್ಲಿ ಆಗಲೇ ‘ಹುಡುಗನ ಮೇಲೆ ಏನೋ ಕೇಸಿರಬೇಕು’ ಎಂಬ ಪಿಸುಮಾತು ಹಬ್ಬಿತ್ತು.

ತಿರಸ್ಕಾರದ ಪತ್ರವನ್ನು ಇಬ್ಬರೂ ಕುಳಿತು ಓದಿದೆವು. ಅದರಲ್ಲಿ ಅವನ ಶೀಲದ ಮಾತೇ ಇರಲಿಲ್ಲ. ಹಣದ ಮೂಲವು ತಿಳಿಯದು, ಸಂಸ್ಥೆಯು ಪರದೇಶದಿಂದ ಕೆಲಸ ಮಾಡಲು ಒಪ್ಪಿರುವುದಕ್ಕೆ ಆಧಾರವಿಲ್ಲ ಎಂಬ ಎರಡೇ ಸಂಗತಿಗಳಿದ್ದವು. ಆಗ ನನಗೆ ಬಾಲ್ಯದಲ್ಲಿ ಓದಿದ ಅನ್ನಂಭಟ್ಟನ ತರ್ಕಸಂಗ್ರಹವು ನೆನಪಿಗೆ ಬಂದಿತು. ಪದಗಳ ಗುಂಪು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಅಲ್ಲಿ ಹೇಳಿದೆ. ಅರ್ಜಿಯ ಕಾಗದಗಳಿಗೂ ಇದೇ ನಿಯಮ.

ಮೊದಲನೆಯದು ಆಕಾಂಕ್ಷೆ. ಹಸು, ಕುದುರೆ, ಮನುಷ್ಯ, ಆನೆ ಎಂದು ಬರಿದೆ ಪದಗಳನ್ನು ಹೇಳಿದರೆ ವಾಕ್ಯವಾಗದು. ಒಂದು ಪದವು ಮತ್ತೊಂದನ್ನು ಬೇಡಬೇಕು. ಹಾಗೆಯೇ ನೇಮಕದ ಪತ್ರವು ಪರದೇಶದಿಂದ ದುಡಿಯಲು ಸಮ್ಮತಿಪತ್ರವನ್ನು ಬೇಡುತ್ತದೆ. ವೇತನದ ಚೀಟಿಯು ಬ್ಯಾಂಕಿನ ಜಮೆಯನ್ನೂ, ಆ ಜಮೆಯು ವರಮಾನ ತೆರಿಗೆಯ ಲೆಕ್ಕವನ್ನೂ ಬೇಡುತ್ತವೆ. ಸ್ಪೇನಿನವರು ಸಂಸ್ಥೆಯು ಒಂದು ವರ್ಷವಾದರೂ ನಡೆದಿರಬೇಕು, ಅರ್ಜಿದಾರನು ಅದರಲ್ಲಿ ಮೂರು ತಿಂಗಳಾದರೂ ದುಡಿದಿರಬೇಕು ಎನ್ನುತ್ತಾರೆ. ಈ ಸಮ್ಮತಿಪತ್ರವೇ ಅನೇಕರಿಗೆ ದುರ್ಲಭ. ನೌಕರನು ಪರದೇಶದಲ್ಲಿ ಬಹುಕಾಲ ನಿಂತರೆ ಅಲ್ಲಿಯ ತೆರಿಗೆ ತನ್ನ ಕೊರಳಿಗೂ ಬಿದ್ದೀತೆಂದು ಧಣಿಯು ಅಂಜುವನು. ಆ ಅಂಜಿಕೆ ನಿರಾಧಾರವೇನಲ್ಲ.

ಎರಡನೆಯದು ಯೋಗ್ಯತೆ. ಬೆಂಕಿಯಿಂದ ನೆನೆಸು ಎಂದರೆ ಅರ್ಥ ಹೊಂದದು. ಅಂತೆಯೇ ತಿಂಗಳ ಸಂಬಳದ ನಡುವೆ ಒಮ್ಮೆಲೇ ಬಿದ್ದ ದೊಡ್ಡ ಮೊತ್ತವು ಸಂಬಳದೊಡನೆ ಹೊಂದದು. ಹತ್ತಿಯ ಮಾರಾಟದ ರಸೀದಿಯಿಲ್ಲದಿದ್ದರೆ ಅದು ಸಾಲವೋ ದಾನವೋ ಎಂದು ಅಧಿಕಾರಿಯು ಹೇಗೆ ತಿಳಿದಾನು? ಮೇಲಾಗಿ ಎಲ್ಲ ದೇಶಗಳೂ ಕೂಡಿಟ್ಟ ಹಣವನ್ನೇ ನೋಡುವುದಿಲ್ಲ. ಥಾಯ್ಲೆಂಡಿನವರು 5 ಲಕ್ಷ ಬಾಟ್‌ಗಳ ಉಳಿತಾಯವನ್ನು ಕೇಳಿದರೆ, ಪೋರ್ಚುಗಲ್ಲಿನವರು ತಮ್ಮಲ್ಲಿಯ ಕನಿಷ್ಠ ವೇತನದ ನಾಲ್ಕು ಪಟ್ಟು, ಸ್ಪೇನಿನವರು ಎರಡು ಪಟ್ಟು ಮಾಸಿಕ ವರಮಾನವನ್ನು ಕೇಳುತ್ತಾರೆ. ವರಮಾನ ಕೇಳಿದಲ್ಲಿ ಉಳಿತಾಯ ತೋರಿಸಿದರೆ ಪ್ರಶ್ನೆಯೊಂದು, ಉತ್ತರ ಬೇರೊಂದು. ಹೆಸರು ಊರುಗಳಲ್ಲಿಯೂ ಹೊಂದಾಣಿಕೆ ಬೇಕು. ನಮ್ಮ ಕಡೆಯ ತರುಣರ ಹಳೆಯ ಶಾಲಾ ದಾಖಲೆಗಳಲ್ಲಿ ಗುಲ್ಬರ್ಗಾ ಜಿಲ್ಲೆಯೆಂದಿರುತ್ತದೆ. 2009-10ರಲ್ಲಿ ಯಾದಗಿರಿಯು ಬೇರೆ ಜಿಲ್ಲೆಯಾಯಿತು, 2014ರಲ್ಲಿ ಗುಲ್ಬರ್ಗವು ಕಲಬುರಗಿಯಾಯಿತು. ನಮಗೆ ಇದು ಗೊತ್ತು. ದೂರದೇಶದ ಅಧಿಕಾರಿಗೆ ಒಂದು ವಿವರಣೆಯ ಪತ್ರ ಬೇಕು.

ಮೂರನೆಯದು ಸನ್ನಿಧಿ. ಪದಕ್ಕೊಂದು ಜಾವ ಬಿಟ್ಟು ನುಡಿದರೆ ಕೇಳುವವನಿಗೆ ವಾಕ್ಯವಾಗದು. ಪೋರ್ಚುಗಲ್ಲಿನವರು ಹಿಂದಿನ ಮೂರು ತಿಂಗಳ ಸರಾಸರಿ ವರಮಾನವನ್ನು ನೋಡುವಾಗ ಹೋದ ವರ್ಷದ ಬ್ಯಾಂಕಿನ ಲೆಕ್ಕವು ನಿಷ್ಪ್ರಯೋಜಕ. ಪೊಲೀಸರ ನಿರಾಕ್ಷೇಪಣೆಯ ಪತ್ರವೂ ಇತ್ತೀಚಿನದಾಗಿರಬೇಕು. ಅದಕ್ಕೆ ಬೇಕಾದ ಕಡೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆಯೂ ಇರಬೇಕು. ಭಾರತದಲ್ಲಿ ಈ ಮುದ್ರೆಯ ಒಪ್ಪಂದವು 2005ರಿಂದ ಜಾರಿಯಲ್ಲಿದೆ.

ಕಾಗದಗಳು ಎಷ್ಟೇ ಹೊಂದಿದರೂ ತೆರೆಯದ ಬಾಗಿಲುಗಳುಂಟು. ಜಪಾನವು 2024ರಲ್ಲಿ ಆರಂಭಿಸಿದ ಆರು ತಿಂಗಳ ಏರ್ಪಾಡು ಕೆಲವೇ ದೇಶಗಳ ಪ್ರಜೆಗಳಿಗೆ ಮೀಸಲು. ಆ ಪಟ್ಟಿಯಲ್ಲಿ ಭಾರತವಿರಲಿಲ್ಲ. ಅಲ್ಲಿ ಅರ್ಜಿದಾರನ ದೋಷವೇನಿದೆ? ಆದಕಾರಣ ಹಣ ಕಟ್ಟುವ ಮುನ್ನ ಆಯಾ ರಾಯಭಾರ ಕಚೇರಿಯ ನಿಯಮಗಳನ್ನು ತಾನೇ ಓದುವುದು ಲೇಸು. ‘ಪ್ರವಾಸಿ ವೀಸಾದಲ್ಲಿ ಹೋಗಿ ಸುಮ್ಮನೆ ದುಡಿ’ ಎನ್ನುವ ದಲ್ಲಾಳಿಯ ಮಾತನ್ನೂ, ಕೃತಕ ಪತ್ರಗಳನ್ನೂ ದೂರವಿಡತಕ್ಕದ್ದು. ಒಂದು ಸುಳ್ಳು ಪತ್ರವು ಮುಂದಿನ ನಿಜ ಪತ್ರಗಳನ್ನೆಲ್ಲ ಸಂಶಯಕ್ಕೆ ಗುರಿಮಾಡುತ್ತದೆ. ತಿರಸ್ಕಾರವೇ ಕೊನೆಯ ಮಾತೂ ಅಲ್ಲ. ಸ್ಪೇನಿನಲ್ಲಿ ಒಂದು ತಿಂಗಳೊಳಗೆ ಮರುಪರಿಶೀಲನೆಯನ್ನು ಬೇಡಬಹುದು. ಕಾರಣವನ್ನು ತಿದ್ದಿ ಹೊಸದಾಗಿಯೂ ಅರ್ಜಿ ಹಾಕಬಹುದು.

ಆ ಹುಡುಗನು ಹತ್ತಿಯ ಹಣವನ್ನು ತಂದೆಗೆ ಹಿಂತಿರುಗಿಸಿದನು. ತನ್ನ ಸಂಬಳವೊಂದೇ ಕಾಣುವ ಲೆಕ್ಕವನ್ನಿಟ್ಟುಕೊಂಡು, ಸಂಸ್ಥೆಯ ಸಮ್ಮತಿಗಾಗಿ ಕಾದಿದ್ದಾನೆ. ಅದು ಬಾರದೆ ಅರ್ಜಿ ಹಾಕೆನೆನ್ನುತ್ತಾನೆ. ಅವನ ತಾಯಿಗೆ ನಾನು ಹೇಳಿದ್ದಿಷ್ಟೆ: “ತಾಯಿ, ಅವರು ನಿಮ್ಮ ಮಗನನ್ನು ಕಂಡೇ ಇಲ್ಲ, ಕಾಗದಗಳನ್ನಷ್ಟೆ ಕಂಡಿದ್ದಾರೆ. ಮಗನಲ್ಲಿ ದೋಷವಿಲ್ಲ, ವಾಕ್ಯದಲ್ಲಿ ಪದವೊಂದು ಬಿಟ್ಟುಹೋಗಿತ್ತು.” ಪರದೇಶದ ಕಚೇರಿಯಿಂದ ಇಂಥ ಪತ್ರ ಬಂದ ಮನೆಗಳವರು ಮಕ್ಕಳ ಮುಖವನ್ನು ನೋಡುವ ಮೊದಲು ಆ ಪತ್ರವನ್ನು ಸಮಾಧಾನದಿಂದ ಓದಲಿ.